ಕಂಪ್ಯೂಟರಿನ ಕುದುರೆ, ತಾತನ ಕುದುರೆ

ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಹವ್ಯಾಸ ಇರುತ್ತದೆ. ಕೆಲವರು ಅಂಚೆಚೀಟಿ ಸಂಗ್ರಹಿಸುತ್ತಾರೆ, ಕೆಲವರು ಚಿತ್ರ ಬರೆಯುತ್ತಾರೆ. ನನ್ನ ತಮ್ಮ ಊಟಕ್ಕೆ ಕುಳಿತಾಗಲೂ ಕ್ರಿಕೆಟ್ ಬ್ಯಾಟ್ ಕೆಳಗಿಡುವುದಿಲ್ಲ. ನನ್ನ ಹವ್ಯಾಸ ಕುದುರೆ ಸಾಕುವುದು. ಅಬ್ಕೈಕ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕುದುರೆಯೇ ಎಂದು ನೀವು ನಗಬಹುದು. ನಗಬೇಡಿ. ನನ್ನ ಕುದುರೆಗಳು ಇರುವುದು ಕಂಪ್ಯೂಟರಿನೊಳಗೆ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಏಪ್ರಿಲ್‌ನಲ್ಲಿ ನಾನು ಆರನೇ ತರಗತಿಗೆ ಬಂದೆ, ಆದರೆ ಹೊಸ ತರಗತಿಯ ಕೋಣೆಯನ್ನು ನೋಡಲೇ ಇಲ್ಲ. ಅಬ್ಕೈಕ್ ಚಿಕ್ಕ ಊರು. ಸುತ್ತ ಮರಳು, ಒಂದು ಕಡೆ ದೊಡ್ಡ ತೈಲ ಸ್ಥಾವರ, ರಾತ್ರಿ ದೂರದಲ್ಲಿ ಉರಿಯುವ ಬೆಂಕಿ. ನನ್ನ ಗೆಳತಿಯರೆಲ್ಲ ಇರುವುದು ದಮ್ಮಾಮ್ ಮತ್ತು ಖೋಬರ್‌ನಲ್ಲಿ. ಶಾಲೆಯ ಬಸ್ಸಿನಲ್ಲಿ ಮಾತ್ರ ಅವರ ಊರು ನನಗೆ ಹತ್ತಿರ. ಬಸ್ ನಿಂತ ಮೇಲೆ ನಾನು ಒಬ್ಬಳೇ ಆದೆ. ಆಗ ಒಬ್ಬ ಗೆಳತಿ ಅಂತರ್ಜಾಲದಲ್ಲಿ ಕುದುರೆ ಸಾಕುವ ಒಂದು ಆಟವಿದೆ ಎಂದು ಹೇಳಿಕೊಟ್ಟಳು.

ಆಟ ಬಹಳ ಸರಳ. ಮೊದಲು ಒಂದು ಕುದುರೆಮರಿ ಸಿಗುತ್ತದೆ. ಅದಕ್ಕೆ ಹೆಸರಿಡಬೇಕು, ಮೈ ಉಜ್ಜಬೇಕು, ನೀರು ಕೊಡಬೇಕು, ಓಡುವುದನ್ನು ಕಲಿಸಬೇಕು, ದೊಡ್ಡದಾದ ಮೇಲೆ ಪಂದ್ಯಕ್ಕೆ ಕಳುಹಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ದಿನವೂ ಮೇವು ಹಾಕಬೇಕು. ಮೇವಿನಲ್ಲಿ ಎರಡು ಬಗೆ, ಹುಲ್ಲು ಮತ್ತು ಓಟ್ಸ್ ಕಾಳು. ಒಂದೊಂದಕ್ಕೂ ಒಂದೊಂದು ಪಟ್ಟಿ ಇರುತ್ತದೆ. ಮೌಸ್‌ನಿಂದ ಎಳೆದು ಎಷ್ಟು ಕೊಡಬೇಕೋ ಅಷ್ಟಕ್ಕೆ ನಿಲ್ಲಿಸಬೇಕು.

ನಾನು ನನ್ನ ಮೊದಲನೆಯ ಕುದುರೆಗೆ ಮಿಂಚು ಎಂದು ಹೆಸರಿಟ್ಟೆ. ಕಂದು ಬಣ್ಣ, ಹಣೆಯ ಮೇಲೆ ಬಿಳಿಯ ಗೆರೆ. ಅದರ ಮೇಲೆ ನನಗೆ ಎಷ್ಟು ಪ್ರೀತಿಯೆಂದರೆ ಎರಡೂ ಪಟ್ಟಿಗಳನ್ನು ಕೊನೆಯವರೆಗೆ ಎಳೆದುಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ಪ್ರೀತಿ ಎಂದರೆ ಅದೇ ತಾನೇ? ಅಮ್ಮ ತಟ್ಟೆಗೆ ಇನ್ನೊಂದು ಚಪಾತಿ ಹಾಕುತ್ತಾರೆ, ಸಾಕು ಎಂದರೆ ತುಪ್ಪ ಹಾಕುತ್ತಾರೆ. ಎರಡು ವಾರ ಕಳೆಯುವುದರೊಳಗೆ ಮಿಂಚುವಿನ ಹೆಸರಿನ ಪಕ್ಕದಲ್ಲಿ "ಈ ಕುದುರೆಯ ತೂಕ ಮಿತಿಮೀರಿದೆ" ಎಂಬ ಸೂಚನೆ ಬಂತು. ಪಂದ್ಯದಲ್ಲಿ ಅದು ಕೊನೆಯ ಸ್ಥಾನದಲ್ಲಿತ್ತು.

ನನಗೆ ಗಾಬರಿಯಾಯಿತು. ತೂಕ ಇಳಿಸಬೇಕಲ್ಲ, ಮೂರು ದಿನ ಏನೂ ಹಾಕದೆ ಬಿಟ್ಟೆ. ನಾಲ್ಕನೆಯ ದಿನ ನೋಡಿದರೆ ಅದರ ಆರೋಗ್ಯದ ಪಟ್ಟಿ ಹಸಿರಿನಿಂದ ಕೆಂಪಿಗೆ ಇಳಿದಿತ್ತು. ಮತ್ತೆ ಹೆದರಿ ಎರಡೂ ಪಟ್ಟಿಗಳನ್ನು ಕೊನೆಯವರೆಗೆ ಎಳೆದೆ. ಹೀಗೆ ನಾನು ಪಾಪ ಆ ಮಿಂಚುವನ್ನು ಹಬ್ಬಕ್ಕೂ ಉಪವಾಸಕ್ಕೂ ನಡುವೆ ತೂಗಾಡಿಸಿದೆ. ಅದು ಕಂಪ್ಯೂಟರಿನ ಕುದುರೆಯಾದ್ದರಿಂದ ಬದುಕಿಕೊಂಡಿತು.

ಎರಡು ವರ್ಷಗಳ ನಂತರ ಇದೇ ಕಥೆ ನಮ್ಮ ಮನೆಯಲ್ಲಿ ನಡೆಯಿತು. ಇದನ್ನು ನಾನು ಅಪ್ಪನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರಿ, ನಾಲ್ಕು ಜನರಿಗೆ ಉಪಯೋಗವಾಗಲಿ, ಆದರೆ ತೂಕ ಸ್ವಲ್ಪ ಕಡಿಮೆ ಮಾಡಿ ಬರಿ" ಎಂದರು. ನಾನು ಸರಿಯಾಗಿಯೇ ಬರೆಯುತ್ತೇನೆ. 2022ರಲ್ಲಿ ಅಪ್ಪನ ತೂಕ 94 ಕಿಲೋ. ಎತ್ತರ 170 ಸೆಂಟಿಮೀಟರ್. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಬಿ.ಎಂ.ಐ. ಎನ್ನುತ್ತಾರೆ. ಭಾರತೀಯರಲ್ಲಿ ಅದು 23 ದಾಟಿದರೇ ಎಚ್ಚರ ವಹಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಅಪ್ಪನದು 32 ದಾಟಿತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ವೈದ್ಯರು ಗುಳಿಗೆ ಬರೆದುಕೊಟ್ಟು, ಹೊತ್ತಿಗೆ ಸರಿಯಾಗಿ ಮಿತವಾಗಿ ಊಟ ಮಾಡಿ, ನಡೆಯಿರಿ ಎಂದರು.

ಅಪ್ಪನದು ಪಾಳಿಯ ಕೆಲಸ. ವಾರಗಟ್ಟಲೆ ರಾತ್ರಿ ಪಾಳಿ ಇರುತ್ತದೆ. ಕುಳಿತು ಯಂತ್ರಗಳ ಅಂಕಿ ನೋಡುವ ಕೆಲಸ. ಹೊರಗೆ ನಡೆಯೋಣವೆಂದರೆ ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು. ಅವರು ವೈದ್ಯರ ಮಾತಿನಲ್ಲಿ ಅರ್ಧವನ್ನು ಮಾತ್ರ ಕೇಳಿದರು. ತೂಕ ಇಳಿಸುವ ಹಟದಲ್ಲಿ ರಾತ್ರಿಯ ಊಟವನ್ನೇ ಬಿಟ್ಟರು. ಗುಳಿಗೆ ಮಾತ್ರ ತಪ್ಪದೆ ತೆಗೆದುಕೊಂಡರು. ಒಂದು ರಾತ್ರಿ, ಪುಣ್ಯಕ್ಕೆ ಅಂದು ರಜೆ, ಎರಡು ಗಂಟೆಯ ಹೊತ್ತಿಗೆ ಅಮ್ಮ ಕೂಗಿದ್ದು ಕೇಳಿ ಎದ್ದೆ. ಅಪ್ಪ ಮಂಚದ ಅಂಚಿನಲ್ಲಿ ಕುಳಿತು ನಡುಗುತ್ತಿದ್ದರು. ಬನಿಯನ್ ಬೆವರಿನಿಂದ ತೊಯ್ದು ಹೋಗಿತ್ತು. ಕರೆದರೆ ತಡವಾಗಿ ತಿರುಗಿ ನೋಡುತ್ತಿದ್ದರು. ಅಮ್ಮ ಸಕ್ಕರೆ ನೀರು ಕುಡಿಸಿದರು, ಆಮೇಲೆ ಖರ್ಜೂರ ತಿನ್ನಿಸಿದರು. ಸ್ವಲ್ಪ ಹೊತ್ತಿನಲ್ಲಿ ಸರಿಹೋದರು. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು ಎಂದು ಮರುದಿನ ವೈದ್ಯರು ಹೇಳಿದರು, ಗುಳಿಗೆಯನ್ನೂ ಬದಲಾಯಿಸಿದರು. ಆ ರಾತ್ರಿ ನನಗೆ ನೆನಪಾದದ್ದು ಕೆಂಪಿಗೆ ಇಳಿದಿದ್ದ ಮಿಂಚುವಿನ ಪಟ್ಟಿ. ಆದರೆ ನಾನು ಯಾರಿಗೂ ಹೇಳಲಿಲ್ಲ. ಅಪ್ಪನನ್ನು ಆಟದ ಕುದುರೆಗೆ ಹೋಲಿಸುವುದೇ?

ಅದರ ಮರುವರ್ಷ, 2023ರ ಜನವರಿಯಲ್ಲಿ, ನಮ್ಮ ತಾತ ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಬಂದರು. ಅವರಿಗೆ ಆಗ 77 ವರ್ಷ. ಮಗನ ಆರೋಗ್ಯ ಕಣ್ಣಾರೆ ನೋಡಬೇಕೆಂದು ಹಟ ಹಿಡಿದು ಬಂದಿದ್ದರು. ಅಬ್ಕೈಕ್‌ನ ಚಳಿಗೆ ಮಫ್ಲರ್ ಸುತ್ತಿಕೊಂಡು ಸೋಫಾದ ಮೂಲೆಯಲ್ಲಿ ಕುಳಿತಿರುತ್ತಿದ್ದರು. ಹೊರಗೆ ಮಾತನಾಡಲು ಅವರ ವಯಸ್ಸಿನವರು ಯಾರೂ ಇರಲಿಲ್ಲ. ಒಂದು ಸಂಜೆ ನಾನು ಆಟ ತೆರೆದಾಗ ಹಿಂದಿನಿಂದ ಬಂದು ನಿಂತರು.

"ಏನ್ ಪುಟ್ಟಿ ಅದು, ಕುದುರೆನಾ?"

"ಹೌದು ತಾತ. ಈಗ ಮೇವು ಹಾಕ್ತಿದ್ದೀನಿ."

"ಇವತ್ತು ಎಷ್ಟು ಓಡಿಸಿದೆ?"

"ಇವತ್ತು ಓಡಿಸಿಲ್ಲ, ಹೋಂವರ್ಕ್ ಇತ್ತು."

"ಮತ್ತೆ ಅಷ್ಟೊಂದು ಕಾಳು ಯಾಕ್ ಹಾಕ್ತೀಯ? ಕೆಲಸ ಇಲ್ಲದ ದಿನ ಕಾಳು ಅರ್ಧ ಕಣಮ್ಮ. ಹುಲ್ಲು ಮಾತ್ರ ಪೂರ್ತಿ."

ನಾನು ಆಶ್ಚರ್ಯದಿಂದ ತಿರುಗಿ ನೋಡಿದೆ. ತಾತ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಎಂಬುದಷ್ಟೇ ನನಗೆ ಗೊತ್ತಿತ್ತು. ಅವರ ಅಪ್ಪ, ಅಂದರೆ ನನ್ನ ಮುತ್ತಾತ, ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದರು ಎಂದು ಅಂದು ತಿಳಿಯಿತು. ಮನೆಯ ಹಿಂದೆಯೇ ಲಾಯ. ರೈಲ್ವೆ ಸ್ಟೇಷನ್‌ನಿಂದ ದೇವರಾಜ ಮಾರುಕಟ್ಟೆ, ಅಲ್ಲಿಂದ ಅರಮನೆ, ಹೀಗೆ ದಿನವೆಲ್ಲ ಬಾಡಿಗೆ.

ಅಂದಿನಿಂದ ದಿನವೂ ಸಂಜೆ ತಾತ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಆಟದ ತಪ್ಪುಗಳನ್ನೆಲ್ಲ ಹುಡುಕಿದರು. "ಇದೇನು, ಒಂದೇ ಸಲಕ್ಕೆ ಇಡೀ ದಿನದ ಮೇವು? ಕುದುರೆ ಏನು ಹಸುವೇ, ತಿಂದು ಮಲಗಿ ಮೆಲುಕು ಹಾಕೋದಕ್ಕೆ?" ಎನ್ನುತ್ತಿದ್ದರು. ಅವರ ಮನೆಯ ಕುದುರೆಗೆ ಬೆಳಿಗ್ಗೆ ಒಂದು ಪಾಲು, ಮಧ್ಯಾಹ್ನ ಒಂದು ಪಾಲು, ರಾತ್ರಿ ಒಂದು ಪಾಲು ಹುರುಳಿ. ಅದನ್ನು ನೆನೆಸಿ, ಇಲ್ಲವೇ ಬೇಯಿಸಿ ಆರಿಸಿ, ಬೂಸಾ ಬೆರೆಸಿ ಕೊಡುತ್ತಿದ್ದರು. ಬಾಡಿಗೆಗೆ ನಿಂತಾಗ ಕುದುರೆಯ ಮೂತಿಗೆ ಚೀಲ ಕಟ್ಟಿ ಅದರಲ್ಲಿ ಮೇವು ಹಾಕುತ್ತಿದ್ದರು. ಉಳಿದ ಹೊತ್ತೆಲ್ಲ ಹುಲ್ಲು. ಹುರುಳಿಗೆ ಇಂಗ್ಲಿಷಿನಲ್ಲಿ "ಹಾರ್ಸ್ ಗ್ರಾಮ್" ಎಂಬ ಹೆಸರು ಬಂದದ್ದೇ ಅದು ಕುದುರೆಗಳಿಗೆ ಹಾಕುವ ಕಾಳಾದ್ದರಿಂದ. ನಮಗೆ ಹುರುಳಿ ಸಾರು, ಕುದುರೆಗೆ ಹುರುಳಿ ಕಾಳು. ಆ ಮನೆಯಲ್ಲಿ ಮನುಷ್ಯರೂ ಕುದುರೆಯೂ ಒಂದೇ ಚೀಲದಿಂದ ಊಟ ಮಾಡುತ್ತಿದ್ದರು ಎಂದು ತಾತ ನಕ್ಕರು.

"ನಿಮ್ಮ ಕುದುರೆಯ ಹೆಸರೇನು ತಾತ?" ಎಂದು ಕೇಳಿದೆ.

"ಚಂದ್ರಿ" ಎಂದರು. ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಆ ಕಥೆಯನ್ನು ಅವರು ಹೇಳಿದ್ದು ಒಂದು ಶುಕ್ರವಾರ. ಅಪ್ಪನಿಗೆ ರಜೆ. ಅಮ್ಮ ಬಿರಿಯಾನಿ ಮಾಡಿದ್ದರು, ಕೇಸರಿಬಾತೂ ಇತ್ತು. ಮಾವನವರು ಬಂದಿದ್ದಾರೆ ಎಂಬ ಸಂಭ್ರಮ. ಅಪ್ಪ ಎರಡನೆಯ ಸಲ ಬಡಿಸಿಕೊಂಡರು. ಅಮ್ಮ ಮೂರನೆಯ ಸಲ ಹಾಕಲು ಬಂದಾಗ ತಾತ ತಟ್ಟೆಗೆ ಅಡ್ಡವಾಗಿ ಕೈಯಿಟ್ಟರು. "ಬೇಡಮ್ಮ. ನಾನು ಒಂದು ಸಲ ಹೀಗೆ ಹಾಕಿ ಕಳಕೊಂಡಿದ್ದೀನಿ" ಎಂದರು. ಎಲ್ಲರೂ ಸುಮ್ಮನಾದೆವು.

1958ರ ದಸರಾ. ತಾತನಿಗೆ ಆಗ 12 ವರ್ಷ, ಏಳನೇ ತರಗತಿ. ದಸರಾ ಎಂದರೆ ಮೈಸೂರಿಗೆ ಪರಊರಿನ ಜನ ಬರುವ ಕಾಲ. ಚಂದ್ರಿ ಒಂದು ವಾರ ಬೆಳಗಿನಿಂದ ರಾತ್ರಿಯವರೆಗೆ ದುಡಿದಿತ್ತು. ಆಯುಧ ಪೂಜೆಯ ದಿನ ಟಾಂಗಾ ತೊಳೆದು, ಚಂದ್ರಿಯ ಮೈ ತೊಳೆದು, ಕುತ್ತಿಗೆಗೆ ಸೇವಂತಿಗೆ ಹಾರ ಹಾಕಿ ಪೂಜೆ ಮಾಡಿದರು. ಅಂದು ಗಾಡಿ ಕಟ್ಟಲಿಲ್ಲ. ರಾತ್ರಿ ಎಲ್ಲರೂ ದೀಪಾಲಂಕಾರ ನೋಡಲು ಹೋದಾಗ ತಾತ ಲಾಯದಲ್ಲೇ ಉಳಿದರು. ವಾರವೆಲ್ಲ ದುಡಿದ ಚಂದ್ರಿಗೂ ಹಬ್ಬದೂಟ ಆಗಬೇಕೆಂದು ಅವರಿಗೆ ಅನ್ನಿಸಿತು. ಮರುದಿನಕ್ಕೆಂದು ಬೇಯಿಸಿಟ್ಟಿದ್ದ ಹುರುಳಿಯನ್ನೆಲ್ಲ ಅದರ ಮುಂದೆ ಸುರಿದರು. ಅದು ಚಪ್ಪರಿಸಿ ತಿಂದಿತು. ಗೋಧಿಯ ಚೀಲದಿಂದ ಒಂದು ಮೊರದ ತುಂಬ ತಂದು ಅದನ್ನೂ ಹಾಕಿದರು. ಅದನ್ನೂ ತಿಂದಿತು. ಕೊನೆಗೆ ತಮ್ಮ ಪಾಲಿನ ಒಬ್ಬಟ್ಟನ್ನೂ ತಿನ್ನಿಸಿದರು. "ಅದು ನನ್ನ ಕೈ ನೆಕ್ಕಿತು ಪುಟ್ಟಿ. ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ರಾತ್ರಿ ನಿದ್ದೇನೇ ಬರಲಿಲ್ಲ" ಎಂದರು.

ನಡುರಾತ್ರಿಯ ನಂತರ ಲಾಯದಲ್ಲಿ ಸದ್ದಾಯಿತು. ಚಂದ್ರಿ ನೆಲದ ಮೇಲೆ ಹೊರಳುತ್ತಿತ್ತು, ಏಳುತ್ತಿತ್ತು, ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು, ಮತ್ತೆ ಬೀಳುತ್ತಿತ್ತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮುತ್ತಾತ ಅದನ್ನು ಎಬ್ಬಿಸಿ ಬೀದಿಯಲ್ಲಿ ನಡೆಸಿದರು. ಗೊಟ್ಟದಲ್ಲಿ ಎಣ್ಣೆ ಹೊಯ್ದರು. ಪಕ್ಕದ ಬೀದಿಯ ಗಾಡಿಯವರು ಬಂದು ಕಾಳು ಜಾಸ್ತಿಯಾಗಿದೆ ಎಂದರು. ಬೆಳಕು ಹರಿಯುವ ಮುಂಚೆ ಚಂದ್ರಿ ಸತ್ತುಹೋಯಿತು. ಊರಿಗೆಲ್ಲ ವಿಜಯದಶಮಿ. ಜಂಬೂ ಸವಾರಿ ನೋಡಲು ಜನ ಅದೇ ಬೀದಿಯಲ್ಲಿ ಸಾಗುತ್ತಿದ್ದರು.

ಖಾಲಿ ಪಾತ್ರೆ ನೋಡಿದ ಮುತ್ತಾತನಿಗೆ ಎಲ್ಲವೂ ಗೊತ್ತಾಗಿತ್ತು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಇನ್ನೊಂದು ಕುದುರೆ ಕೊಳ್ಳಲು ಸಾಲ ಮಾಡಿದರು. ಸಾಲ ತೀರಿಸಲು ತಾತ ಶಾಲೆ ಬಿಟ್ಟು ಒಂದು ಸೈಕಲ್ ಅಂಗಡಿಗೆ ಸೇರಿದರು. ಅಲ್ಲಿಗೆ ಅವರ ಓದು ಮುಗಿಯಿತು. "ಎಲ್ಲರೂ ಕುದುರೆ ಹಸಿದು ಸಾಯುತ್ತೆ ಅಂತಾರೆ. ನಮ್ಮ ಚಂದ್ರಿ ನನ್ನ ಪ್ರೀತಿಯಿಂದ ಸತ್ತಳು" ಎಂದರು ತಾತ. 65 ವರ್ಷ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲವಂತೆ. ಅಪ್ಪನಿಗೂ ಅದು ಹೊಸದು. ಅಪ್ಪ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕುಳಿತಿದ್ದರು.

ಅಂದು ರಾತ್ರಿ ನಾನು ಕುದುರೆಯ ಹೊಟ್ಟೆಯ ಬಗ್ಗೆ ಓದತೊಡಗಿದೆ. ಆಮೇಲೆ ಶಾಲೆಯ ಗ್ರಂಥಾಲಯದಲ್ಲೂ ಹುಡುಕಿದೆ. ಗೆಳೆಯರೇ, ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಕುದುರೆ ಅಷ್ಟು ದೊಡ್ಡ ಪ್ರಾಣಿಯಾದರೂ ಅದರ ಜಠರ ಬಹಳ ಚಿಕ್ಕದು, ಸುಮಾರು 8ರಿಂದ 15 ಲೀಟರ್ ಮಾತ್ರ. ಬಯಲಿನಲ್ಲಿ ಬಿಟ್ಟರೆ ಅದು ದಿನಕ್ಕೆ ಸುಮಾರು 16 ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಹುಲ್ಲಿನ ನಾರು ಜೀರ್ಣವಾಗುವುದು ಹಿಂಭಾಗದ ದೊಡ್ಡ ಕರುಳಿನಲ್ಲಿ, ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಸಹಾಯದಿಂದ. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಅದರ ಪಿಷ್ಟ ಸಣ್ಣ ಕರುಳಿನಲ್ಲಿ ಪೂರ್ತಿ ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಅದು ಹುಳಿತು, ಅನಿಲ ಮತ್ತು ಆಮ್ಲ ಉಂಟಾಗುತ್ತವೆ. ಹೊಟ್ಟೆಶೂಲೆ ಬರುತ್ತದೆ. ಬದುಕಿದರೂ ಗೊರಸಿನೊಳಗೆ ಉರಿಯೂತವಾಗಿ ಕುಂಟಾಗಬಹುದು. ಮನುಷ್ಯರಿಗೆ ಹೆಚ್ಚಾದರೆ ವಾಂತಿಯಾಗಿ ಹೋಗುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲು ಸಾಧ್ಯವೇ ಇಲ್ಲ. ಒಳಗೆ ಹೋದದ್ದು ಬಾಯಿಂದ ಹಿಂದಕ್ಕೆ ಬರುವುದಿಲ್ಲ.

ಮುತ್ತಾತನ "ಕೆಲಸವಿಲ್ಲದ ದಿನ ಕಾಳು ಅರ್ಧ" ಎಂಬ ನಿಯಮಕ್ಕೂ ಕಾರಣ ಸಿಕ್ಕಿತು. ಹಿಂದೆ ಯುರೋಪಿನಲ್ಲಿ ಗಾಡಿ ಎಳೆಯುವ ಕುದುರೆಗಳಿಗೆ ಭಾನುವಾರ ರಜೆ ಇರುತ್ತಿತ್ತು, ಆದರೆ ಕಾಳು ಮಾತ್ರ ಪೂರ್ತಿ ಹಾಕುತ್ತಿದ್ದರು. ಸೋಮವಾರ ಬೆಳಿಗ್ಗೆ ಗಾಡಿ ಕಟ್ಟಿದಾಗ ಕೆಲವು ಕುದುರೆಗಳ ಸ್ನಾಯುಗಳು ಬಿಗಿದುಕೊಂಡು ಹೆಜ್ಜೆ ಇಡಲಾಗದೆ ನಿಂತುಬಿಡುತ್ತಿದ್ದವು. ಅದಕ್ಕೆ "ಸೋಮವಾರ ಬೆಳಗಿನ ಕಾಯಿಲೆ" ಎಂದೇ ಹೆಸರು. ಶಾಲೆಗೆ ಹೋಗದ ನನ್ನ ಮುತ್ತಾತನಿಗೆ ಇದು ಪುಸ್ತಕವಿಲ್ಲದೆ ಗೊತ್ತಿತ್ತು.

ತಪ್ಪಾದ ಮೇವಿನಿಂದ ಕುದುರೆಗಳು ಸತ್ತ ಕಥೆ ಬಹಳ ಹಳೆಯದು. 13ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತಕ್ಕೆ ಬಂದ ಮಾರ್ಕೊ ಪೋಲೊ ಇದನ್ನು ಬರೆದಿದ್ದಾನೆ. ಆಗ ನಾವು ಈಗ ಇರುವ ಈ ಕೊಲ್ಲಿಯ ಕಡೆಯಿಂದ, ಹೊರ್ಮುಜ್ ಮುಂತಾದ ಬಂದರುಗಳಿಂದ, ಹಡಗುಗಳಲ್ಲಿ ಕುದುರೆಗಳು ಪಾಂಡ್ಯರ ನಾಡಿಗೆ ಹೋಗುತ್ತಿದ್ದವು. ರಾಜರು ಅಪಾರ ಹಣ ಕೊಟ್ಟು ಕೊಳ್ಳುತ್ತಿದ್ದರು. ಆದರೆ ಅಲ್ಲಿ ಅವುಗಳಿಗೆ ಅನ್ನ ಮತ್ತು ಮಾಂಸ ಬೇಯಿಸಿ ಹಾಕುತ್ತಾರೆ, ಸರಿಯಾಗಿ ನೋಡಿಕೊಳ್ಳಲು ತಿಳಿದವರಿಲ್ಲ, ಆದ್ದರಿಂದ ಹೆಚ್ಚಿನವು ಸಾಯುತ್ತವೆ ಎಂದು ಅವನು ಬರೆದ. ಮುಂದೆ ವಿಜಯನಗರದ ಅರಸರೂ ಇದೇ ಸಮುದ್ರದ ಮೂಲಕ ಅರಬ್ಬೀ ಕುದುರೆಗಳನ್ನು ತರಿಸಿದರು. ಇದನ್ನು ಓದಿ ಹೇಳಿದಾಗ ತಾತ "ನೋಡು, ರಾಜರಿಗೂ ನನ್ನ ಬುದ್ಧಿಯೇ ಇತ್ತು" ಎಂದರು. ಅವರು ಸ್ವಲ್ಪ ಹಗುರಾದಂತೆ ಕಂಡಿತು.

ತಾತ ಊರಿಗೆ ಹೊರಡುವ ಮೊದಲು ಅಪ್ಪ ನಮ್ಮನ್ನು ಹುಫೂಫ್ ಕಡೆಯ ಒಂದು ಕುದುರೆ ಲಾಯಕ್ಕೆ ಕರೆದುಕೊಂಡು ಹೋದರು. ಹುಫೂಫ್ ಅಲ್-ಅಹ್ಸಾ ಓಯಸಿಸ್‌ನ ಊರು. ಖರ್ಜೂರದ ತೋಟಗಳಿಗೆ ಹೆಸರಾದ ಆ ಓಯಸಿಸ್ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು ಸುಡಾನ್ ದೇಶದವರು. ಅವರಿಗೂ ತಾತನಿಗೂ ಒಂದು ಭಾಷೆಯೂ ಸಾಮಾನ್ಯವಾಗಿರಲಿಲ್ಲ. ಆದರೂ ತಾತ ಒಂದು ಬೂದು ಬಣ್ಣದ ಹೆಣ್ಣು ಕುದುರೆಯ ಹತ್ತಿರ ಹೋಗಿ, ಮೊದಲು ಅಂಗೈ ಮೂಸಲು ಕೊಟ್ಟು, ಆಮೇಲೆ ಅದರ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿದಾಗ ಅವರು ನಕ್ಕು ತಲೆಯಾಡಿಸಿದರು. ಎಲುಬು ಕಣ್ಣಿಗೆ ಕಾಣಬಾರದು, ಆದರೆ ಕೈಗೆ ಸಿಗಬೇಕು. ಅದು ಸರಿಯಾದ ಕುದುರೆ ಎಂದು ತಾತ ಹೇಳಿದರು.

ಇದನ್ನೇ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಹೆನೆಕೆ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1983ರಲ್ಲಿ ಒಂದು ಅಳತೆಯಾಗಿ ಮಾಡಿದರು. ಕುತ್ತಿಗೆ, ಹೆಗಲಿನ ಮೇಲ್ಭಾಗ, ಭುಜದ ಹಿಂಭಾಗ, ಪಕ್ಕೆಲುಬು, ಬೆನ್ನು, ಬಾಲದ ಬುಡ, ಈ ಆರು ಕಡೆ ಮುಟ್ಟಿ ನೋಡಿ 1ರಿಂದ 9ರವರೆಗೆ ಅಂಕ ಕೊಡುವುದು. 1 ಎಂದರೆ ಬರೀ ಮೂಳೆ, 9 ಎಂದರೆ ಅತಿ ಕೊಬ್ಬು, 5ರ ಆಸುಪಾಸು ಸರಿ. ಇದು ಬಹುಶಃ ಅಂಕ ಹೆಚ್ಚು ಬಂದಷ್ಟೂ ಬೈಗುಳ ತಿನ್ನುವ ಒಂದೇ ಪರೀಕ್ಷೆ!

ಲಾಯದವರು ಅಳತೆ ಪಟ್ಟಿ ಕೊಟ್ಟರು. ತೂಕದ ಯಂತ್ರ ಇಲ್ಲದಿದ್ದರೂ ಕುದುರೆಯ ತೂಕ ಅಂದಾಜು ಮಾಡಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಭುಜದ ತುದಿಯಿಂದ ಹಿಂಭಾಗದವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಆ ಕುದುರೆಯ ಸುತ್ತಳತೆ 172, ಉದ್ದ 158. ನಾನು ಮೊಬೈಲಿನಲ್ಲಿ ಲೆಕ್ಕ ಮಾಡಿದೆ, ಸುಮಾರು 393 ಕಿಲೋ. ಕುದುರೆಗೆ ದಿನಕ್ಕೆ ತನ್ನ ತೂಕದ ಶೇಕಡಾ 1.5ರಿಂದ 2ರಷ್ಟು ಒಣಮೇವು ಬೇಕು. ಅಂದರೆ ಇದಕ್ಕೆ 6ರಿಂದ 8 ಕಿಲೋ. ಲಾಯದವರು ತಕ್ಕಡಿಯಲ್ಲಿ ತೂಗಿಟ್ಟ ಹುಲ್ಲಿನ ಕಟ್ಟುಗಳನ್ನು ತೋರಿಸಿದರು. ಅದು ಇಲ್ಲಿ ಬರ್ಸೀಮ್ ಎನ್ನುವ, ನಮ್ಮಲ್ಲಿ ಕುದುರೆ ಮೆಂತೆ ಅಥವಾ ಲೂಸರ್ನ್ ಎನ್ನುವ ಮೇವು, ಜೊತೆಗೆ ಒಣಹುಲ್ಲು. ಅಂತರ್ಜಲ ಉಳಿಸಲೆಂದು ಸೌದಿ ಸರ್ಕಾರ ಹಸಿರು ಮೇವು ಬೆಳೆಯುವುದನ್ನು ಬಹಳ ಕಡಿಮೆ ಮಾಡಿಸಿದೆ. ಹೊರದೇಶಗಳಿಂದಲೂ ಮೇವು ಹಡಗಿನಲ್ಲಿ ಬರುತ್ತದೆ. ಒಂದು ಕಾಲದಲ್ಲಿ ಈ ಸಮುದ್ರದ ಮೇಲೆ ಕುದುರೆಗಳು ಹೋಗುತ್ತಿದ್ದವು, ಈಗ ಕುದುರೆಯ ಮೇವು ಬರುತ್ತಿದೆ.

ನಾನು ನನ್ನ ಮಿಂಚುವಿನ ಉಪವಾಸದ ಕಥೆಯನ್ನು ತಾತನಿಗೆ ಹೇಳಿದ್ದು ಅಲ್ಲಿಯೇ. ಕೊಬ್ಬಿದ ಕುದುರೆಯನ್ನು ಉಪವಾಸ ಕೆಡವಬಾರದು ಎಂದು ನಾನು ಆಮೇಲೆ ಓದಿದ್ದೆ. ಹಾಗೆ ಮಾಡಿದರೆ, ಮುಖ್ಯವಾಗಿ ಚಿಕ್ಕ ತಳಿಯ ಕುದುರೆಗಳಲ್ಲಿ, ಮೈಯ ಕೊಬ್ಬೆಲ್ಲ ಒಮ್ಮೆಲೇ ರಕ್ತಕ್ಕೆ ಬಂದು ಜೀವಕ್ಕೇ ಅಪಾಯ. ಹಾಗೆಯೇ ಒಣಗಿದ ಕುದುರೆಗೆ ಒಂದೇ ದಿನ ಕಾಳು ತುಂಬಿಸಲೂಬಾರದು. ಮೇವು ಬದಲಾಯಿಸುವುದಾದರೆ ಒಂದು ವಾರ, ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಬದಲಾಯಿಸಬೇಕು. ತಾತ ಕೇಳಿಸಿಕೊಂಡು ಅಪ್ಪನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯೇನೋ? ಹೊಟ್ಟೆ ತುಂಬ ತಿನ್ನೋದೂ ತಪ್ಪು, ತಿನ್ನದೆ ಮಲಗೋದೂ ತಪ್ಪು. ಕಾಳು ಕಮ್ಮಿ ಮಾಡು, ಹುಲ್ಲು ಜಾಸ್ತಿ ಮಾಡು, ದಿನಾ ಗಾಡಿ ಕಟ್ಟು" ಎಂದರು. ಅಪ್ಪ ನಕ್ಕರು. ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೋಲಿಕೆಯನ್ನು ತಾತ ಎಲ್ಲರ ಎದುರಿಗೇ ಹೇಳಿಬಿಟ್ಟಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಭಾಷೆ. ಅನ್ನ, ಚಪಾತಿ ಎಂದರೆ ಕಾಳು. ತರಕಾರಿ, ಸೊಪ್ಪು ಎಂದರೆ ಹುಲ್ಲು. ಮಗ್ರಿಬ್ ಹೊತ್ತಿನ ನಂತರ ಬಿಸಿಲು ಇಳಿದ ಮೇಲೆ ಅಪ್ಪನೂ ನಾನೂ ತಮ್ಮನೂ ಮುಕ್ಕಾಲು ಗಂಟೆ ನಡೆಯುವುದು ಎಂದರೆ ಗಾಡಿ ಕಟ್ಟುವುದು. ಜುಲೈ, ಆಗಸ್ಟ್‌ನಲ್ಲಿ ರಾತ್ರಿಯೂ ಸೆಕೆ. ಆಗ ಮಾಲ್‌ನ ಒಳಗೆ ಸುತ್ತು ಹಾಕುತ್ತೇವೆ. ರಾತ್ರಿ ಪಾಳಿಯ ಊಟ ಎಷ್ಟು ಹೊತ್ತಿಗೆ ಎಂದು ಅಪ್ಪ ವೈದ್ಯರನ್ನು ಕೇಳಿ ಬರೆಸಿಕೊಂಡು ಬಂದರು. ಅಡುಗೆಮನೆಯ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿದೆವು. ಅದರಲ್ಲಿ ದಿನಾಂಕ, ಊಟದ ಹೊತ್ತು, ನಡೆದ ನಿಮಿಷಗಳು, ವಾರಕ್ಕೊಮ್ಮೆ ತೂಕ. ಬರೆಯುವ ಕೆಲಸ ನನ್ನದು.

ಎಲ್ಲರಿಗಿಂತ ಕಷ್ಟವಾದದ್ದು ಅಮ್ಮನಿಗೆ. ಪಾಳಿ ಮುಗಿಸಿ ದಣಿದು ಬಂದವರಿಗೆ ಸಾಕು ಎಂದು ಹೇಳುವುದು ಹೇಗೆ ಎಂದು ಒಂದು ದಿನ ಕಣ್ಣೀರು ಹಾಕಿದರು. "ಊರಿಂದ ಇಷ್ಟು ದೂರ ಬಂದು ನಾನು ಇವರಿಗೆ ಕೊಡೋದಕ್ಕೆ ಇರೋದು ಅಡುಗೆ ಒಂದೇ" ಎಂದರು. ಆ ಮಾತು ನಿಜ. ನನ್ನ ಬಳಿಯೂ ಮಿಂಚುವಿಗೆ ಕೊಡಲು ಎರಡು ಪಟ್ಟಿಗಳಷ್ಟೇ ಇದ್ದವು. ತಾತನ ಬಳಿ ಒಂದು ಪಾತ್ರೆ ಹುರುಳಿ ಇತ್ತು. ಕೈಯಲ್ಲಿ ಇರುವುದೆಲ್ಲವನ್ನೂ ಕೊಟ್ಟುಬಿಡಬೇಕೆಂದು ಪ್ರೀತಿ ಹೇಳುತ್ತದೆ. ಎದುರಿಗಿರುವ ಜೀವಕ್ಕೆ ಎಷ್ಟು ಬೇಕು ಎಂದು ಮುಟ್ಟಿ ನೋಡಿ, ಅಷ್ಟನ್ನೇ ತಪ್ಪದೆ ದಿನವೂ ಕೊಡುವುದು ಅದಕ್ಕಿಂತ ಕಷ್ಟ. ಈಗ ಅಮ್ಮ ಹುರುಳಿಯನ್ನು ನೆನೆಸಿ ಮೊಳಕೆ ಬರಿಸಿ ಉಸಲಿ ಮಾಡುತ್ತಾರೆ, ಸೌತೆಕಾಯಿ ಕೋಸಂಬರಿ ಮಾಡುತ್ತಾರೆ. ಅಪ್ಪ ಅದನ್ನು ಎರಡನೆಯ ಸಲ ಕೇಳಿದರೆ ಅಮ್ಮನ ಮುಖ ಅರಳುತ್ತದೆ.

ಅಪ್ಪನ ತೂಕ ಮೊದಲ ವರ್ಷದಲ್ಲಿ 94ರಿಂದ 86ಕ್ಕೆ ಬಂತು. ಮಧ್ಯದಲ್ಲಿ ಎರಡು ಸಲ ಏರಿತು, ಮತ್ತೆ ಇಳಿಯಿತು. ಸಕ್ಕರೆ ಹತೋಟಿಯಲ್ಲಿದೆ. ಗುಳಿಗೆ ಇನ್ನೂ ಇದೆ. ರಾತ್ರಿ ಎರಡು ಗಂಟೆಯ ಆ ನಡುಕ ಮತ್ತೆ ಬಂದಿಲ್ಲ.

ನಾನೀಗ ಹನ್ನೊಂದನೇ ತರಗತಿ. ಓದು ಹೆಚ್ಚಾದ್ದರಿಂದ ಆಟದಲ್ಲಿ ಒಂದೇ ಕುದುರೆ ಉಳಿಸಿಕೊಂಡಿದ್ದೇನೆ. ಅದಕ್ಕೆ ಚಂದ್ರಿ ಎಂದು ಹೆಸರಿಟ್ಟಿದ್ದೇನೆ. ಬೇರೆ ಹೆಸರು ಇಡಲೇ ಎಂದು ತಾತನನ್ನು ಕೇಳಿದ್ದೆ. "ಬೇಡ, ಅದೇ ಇರಲಿ, ನೀನು ಚೆನ್ನಾಗಿ ನೋಡ್ಕೊಳ್ತೀಯ" ಎಂದರು. ಅದನ್ನು ಪಂದ್ಯಕ್ಕೆ ಕಳುಹಿಸುವುದಿಲ್ಲ. ದಿನವೂ ಬಸ್ಸಿನಿಂದ ಇಳಿದು ಬಂದು ಎರಡು ನಿಮಿಷ ಅದರ ಮೇವು ನೋಡುತ್ತೇನೆ, ಅಷ್ಟೆ.

"ಅತಿಯಾದರೆ ಅಮೃತವೂ ವಿಷ" ಎಂಬ ಗಾದೆಯನ್ನು ನಾವು ಕನ್ನಡ ಪರೀಕ್ಷೆಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆದಿದ್ದೇವೆ. ಈಗ ಆ ಪ್ರಶ್ನೆ ಬಂದರೆ ನಾನು ಏನು ಬರೆಯುತ್ತೇನೆ ಎಂದು ನಿಮಗೆ ಗೊತ್ತು.

ಪ್ರತಿ ಶುಕ್ರವಾರ ಮೈಸೂರಿಗೆ ಫೋನ್ ಮಾಡುತ್ತೇವೆ. ತಾತ ಮೊದಲು ನನ್ನನ್ನೇ ಕರೆಯುತ್ತಾರೆ. "ಪುಟ್ಟಿ, ಚಂದ್ರಿ ಏನ್ ತಿಂದ್ಲು ಇವತ್ತು?" ಎಂದು ಕೇಳುತ್ತಾರೆ. ಹುಲ್ಲೆಷ್ಟು, ಕಾಳೆಷ್ಟು ಎಂದು ನಾನು ಲೆಕ್ಕ ಒಪ್ಪಿಸುತ್ತೇನೆ. ಆಮೇಲೆ ದನಿ ತಗ್ಗಿಸಿ, "ಸರಿ, ನಿಮ್ಮಪ್ಪ ಏನ್ ತಿಂದ?" ಎನ್ನುತ್ತಾರೆ. ನಾನು ಗೋಡೆಯ ನೋಟ್‌ಬುಕ್ ತೆಗೆದು ಓದುತ್ತೇನೆ.